ನಮ್ಮ ಮನೆಯ ಬಳುಕುವ ಕೀಲುಗಳು

ನನ್ನ ಅಜ್ಜಿಗೆ ಭುಜ ಜಾರುತ್ತಿತ್ತು. ಬಾವಿಯಿಂದ ಕೊಡಪಾನ ಎಳೆಯುವಾಗ ಬಲಗೈ ತಟ್ಟನೆ ಸಡಿಲವಾಗುತ್ತಿತ್ತಂತೆ. ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ, ಎಡಗೈಯಿಂದ ಭುಜವನ್ನು ತಳ್ಳಿ ಕೂರಿಸಿ, ಮತ್ತೆ ನೀರು ಎಳೆಯುತ್ತಿದ್ದರು. ಚಿಕ್ಕಮ್ಮನಿಗೆ ಮೊಣಕಾಲಿನ ಚಿಪ್ಪು ಪಕ್ಕಕ್ಕೆ ಸರಿಯುತ್ತದೆ. ಅಮ್ಮನಿಗೆ ಬೆರಳುಗಳು ಮಾತ್ರ ಹಿಂದಕ್ಕೆ ಬಾಗುತ್ತವೆ. ನೋವು ಅಂತ ಅವರು ಹೇಳಿದ್ದು ನನಗೆ ನೆನಪಿಲ್ಲ. ನನಗೆ ಎರಡೂ ಭುಜ, ಸೊಂಟ, ಹೆಬ್ಬೆರಳು, ದವಡೆ ಎಲ್ಲ ಜಾರುವುದುಂಟು. ಈಗ ಮಗಳ ಮೊಣಕೈ ಹೊರಗೆ ಬಾಗುವುದನ್ನು ನೋಡುತ್ತಿದ್ದೇನೆ.

"ನಮ್ಮ ಮನೆಯ ಹೆಂಗಸರ ಮೈ ಸ್ವಲ್ಪ ಸಡಿಲ" ಅಂತ ಮನೆಯಲ್ಲಿ ಹೇಳುತ್ತಿದ್ದರು. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಇದು ಹುಟ್ಟಿನಿಂದಲೇ ಬರುವ, ಅಮ್ಮನಿಂದಲೋ ಅಪ್ಪನಿಂದಲೋ ಮಗಳಿಗೂ ಮಗನಿಗೂ ಇಳಿಯಬಹುದಾದ ಸಂಗತಿ ಅಂತ ಗೊತ್ತಾಗುವಾಗ ಅಜ್ಜಿ ಇರಲಿಲ್ಲ.

ನಮ್ಮದು ಕಾಸರಗೋಡು ತಾಲೂಕಿನ ನೀರ್ಚಾಲು ಕಡೆ. ನಾನು ಒಂದು ಸಹಕಾರಿ ಬ್ಯಾಂಕಿನಲ್ಲಿ ಕೌಂಟರಿನಲ್ಲಿ ಕೂರುತ್ತೇನೆ. ಮನೆಯಲ್ಲಿ ಸಣ್ಣ ಅಡಿಕೆ ತೋಟ ಉಂಟು. ಇದನ್ನೆಲ್ಲ ಬರೆಯಲು ಕಾರಣ, ನಮ್ಮ ಊರುಗಳಲ್ಲಿ ನನ್ನ ಹಾಗಿನವರು ಇನ್ನೂ ಇದ್ದಾರೆ ಅಂತ ನನಗೆ ಖಾತ್ರಿ. ಎಲ್ಲರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಬೇರೆ ಬೇರೆ ಎಣ್ಣೆ ಹಚ್ಚುತ್ತಿದ್ದಾರೆ.

ಶಾಲೆಯಲ್ಲಿ ನನಗೆ ದೊಡ್ಡ ಹೆಸರು. ವಾರ್ಷಿಕೋತ್ಸವದ ಯೋಗ ಪ್ರದರ್ಶನದಲ್ಲಿ ಮುಂದಿನ ಸಾಲಿನ ನಡುವಿನ ಜಾಗ ನನ್ನದೇ. ಕಾಲನ್ನು ಕತ್ತಿನ ಹಿಂದೆ ಹಾಕಿ ಕೂತರೆ ಅಂಗಳ ತುಂಬ ಚಪ್ಪಾಳೆ. "ಈ ಹುಡುಗಿಯ ಮೈಯಲ್ಲಿ ಎಲುಬೇ ಇಲ್ಲ" ಅಂತ ಮಾಷ್ಟ್ರು ಮೆಚ್ಚಿ ಹೇಳುತ್ತಿದ್ದರು. ಅದೇ ದಿನ ರಾತ್ರಿ ಕಾಲು ಸೆಳೆದು ನಿದ್ದೆ ಬರುತ್ತಿರಲಿಲ್ಲ. ಅಮ್ಮ ಎದ್ದು ಬಿಸಿ ಎಣ್ಣೆ ತಿಕ್ಕುತ್ತಿದ್ದರು. ಬೆಳೆಯುವ ಮಕ್ಕಳಿಗೆ ಹೀಗೆ ಆಗ್ತದೆ ಅನ್ನುತ್ತಿದ್ದರು. ಹಗಲಿನ ಚಪ್ಪಾಳೆಗೂ ರಾತ್ರಿಯ ನೋವಿಗೂ ಸಂಬಂಧ ಉಂಟು ಅಂತ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ನೋವು ಬರುವುದು ಮೈ ಗಟ್ಟಿಯಾದವರಿಗೆ, ಬಗ್ಗಲು ಆಗದವರಿಗೆ ಅಂತಲೇ ಎಲ್ಲರ ಲೆಕ್ಕ.

ಕೆಲಸಕ್ಕೆ ಸೇರಿದ ಮೇಲೆ ತೊಂದರೆ ಜಾಸ್ತಿಯಾಯಿತು. ಕುಂಬಳೆಗೆ ಹೋಗುವ ಬಸ್ಸಿನಲ್ಲಿ ಬೆಳಿಗ್ಗೆ ಕೂರಲು ಜಾಗ ಸಿಗುವುದಿಲ್ಲ. ಮೇಲಿನ ಸರಳು ಹಿಡಿದು ನಿಲ್ಲಬೇಕು. ಡ್ರೈವರ್ ಒಮ್ಮೆ ಬ್ರೇಕ್ ಹಾಕಿದರೆ ಸಾಕು, ಭುಜ ಅರ್ಧ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಒಳಗೆ ಹೋಗುವಾಗ ಒಂದು ಶಬ್ದ. ಪಕ್ಕದವರಿಗೂ ಕೇಳುತ್ತಿತ್ತು. ಆಮೇಲೆ ದಿನವಿಡೀ ನೋಟು ಎಣಿಸಬೇಕು. ಸಂಜೆಯ ಹೊತ್ತಿಗೆ ಹೆಬ್ಬೆರಳಿನ ಬುಡ ಸುಡುತ್ತಿತ್ತು.

ಎಕ್ಸ್‌ರೇ ತೆಗೆಸಿದೆ. ಸರಿಯಾಗಿ ಉಂಟು ಅಂದರು. ರಕ್ತ ಪರೀಕ್ಷೆ ಮಾಡಿಸಿದೆ. ಸಂಧಿವಾತ ಇಲ್ಲ ಅಂದರು. "ಟೆನ್ಶನ್ ಮಾಡ್ಕೋಬೇಡಿ, ಸ್ವಲ್ಪ ಯೋಗ ಮಾಡಿ" ಅಂದವರೂ ಇದ್ದಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಕೀಲು ಜಾರುವುದು ಬಸ್ಸಿನಲ್ಲಿ. ಚಿತ್ರ ತೆಗೆಯುವ ಹೊತ್ತಿಗೆ ಅದು ತನ್ನ ಜಾಗದಲ್ಲಿ ಸರಿಯಾಗಿ ಕೂತಿರುತ್ತದೆ.

ಕೊನೆಗೆ ತಲಪಾಡಿ ದಾಟಿ ಮಂಗಳೂರಿಗೆ ಹೋದೆ. ಕಾಸರಗೋಡಿನವರಿಗೆ ಇದು ಹೊಸದಲ್ಲ, ದೊಡ್ಡ ಕಾಯಿಲೆ ಅಂದರೆ ನಮ್ಮ ಕಾಲು ಆ ಕಡೆಗೇ ತಿರುಗುತ್ತದೆ. ಕೀಲುರೋಗದ ತಜ್ಞೆ ಒಬ್ಬರು ಸಿಕ್ಕಿದರು. ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು, "ಮೊದಲು ಕೈ ತೋರಿಸಿ" ಅಂದರು.

ಅವರು ಮಾಡಿದ ಪರೀಕ್ಷೆ ಯಾವ ಯಂತ್ರವೂ ಬೇಡದ್ದು. ಅದಕ್ಕೆ ಬೀಟನ್ ಅಂಕ ಅನ್ನುತ್ತಾರೆ. ಪೀಟರ್ ಬೀಟನ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ದಕ್ಷಿಣ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಜನರ ಕೀಲುಗಳನ್ನು ನೋಡಿ 1973ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಅಂಗೈಯನ್ನು ಮೇಜಿನ ಮೇಲಿಟ್ಟು ಕಿರುಬೆರಳನ್ನು ಹಿಂದಕ್ಕೆ ಎತ್ತಬೇಕು. 90 ಡಿಗ್ರಿ ದಾಟಿದರೆ ಒಂದು ಅಂಕ. ಹೆಬ್ಬೆರಳು ಮುಂಗೈಯನ್ನು ಮುಟ್ಟಿದರೆ ಒಂದು. ಮೊಣಕೈ ನೇರಕ್ಕಿಂತ 10 ಡಿಗ್ರಿಗೂ ಜಾಸ್ತಿ ಹಿಂದೆ ಬಾಗಿದರೆ ಒಂದು. ಮೊಣಕಾಲಿಗೂ ಹಾಗೆಯೇ. ಇವೆಲ್ಲ ಎಡಕ್ಕೊಂದು, ಬಲಕ್ಕೊಂದು. ಕೊನೆಗೆ, ಮೊಣಕಾಲು ಮಡಚದೆ ಬಗ್ಗಿ ಎರಡೂ ಅಂಗೈ ನೆಲಕ್ಕೆ ಊರಿದರೆ ಇನ್ನೊಂದು. ಒಟ್ಟು 9 ಅಂಕ. ದೊಡ್ಡವರಿಗೆ 50 ವರ್ಷದವರೆಗೆ 5 ಬಂದರೆ ಕೀಲುಗಳು ಹೆಚ್ಚು ಸಡಿಲ ಅಂತ ಲೆಕ್ಕ. ಮೈ ನೆರೆಯದ ಮಕ್ಕಳಿಗೆ 6 ಬೇಕು, ಯಾಕೆಂದರೆ ಮಕ್ಕಳ ಮೈ ಹೇಗೂ ಬಳುಕುತ್ತದೆ. 50 ದಾಟಿದವರಿಗೆ 4 ಸಾಕು. ನನಗೆ 7 ಬಂತು.

ಡಾಕ್ಟ್ರು ಅಲ್ಲಿಗೆ ನಿಲ್ಲಿಸಲಿಲ್ಲ. ಕೆನ್ನೆಯ ಚರ್ಮ ಎಳೆದು ನೋಡಿದರು. ಮೊಣಕಾಲಿನ ಹಳೆಯ ಗಾಯದ ಗುರುತುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಎರಡೂ ಕೈ ಚಾಚಿಸಿ ಅಳತೆ ತೆಗೆದು ಎತ್ತರದ ಜೊತೆ ಹೋಲಿಸಿದರು. ಬಾಯಿ ತೆರೆಸಿ ಅಂಗುಳ ನೋಡಿದರು. ಹರ್ನಿಯಾ ಆಗಿತ್ತಾ, ಸುಮ್ನೆ ತಾಗಿದರೂ ಮೈ ನೀಲಿಗಟ್ಟುತ್ತದಾ, ಹಲ್ಲು ಕೀಳುವಾಗ ಮರಗಟ್ಟುವ ಇಂಜೆಕ್ಷನ್ ಸರಿಯಾಗಿ ಹಿಡಿದಿತ್ತಾ ಅಂತ ಕೇಳಿದರು. ಆ ಕೊನೆಯ ಪ್ರಶ್ನೆಗೆ ನನಗೆ ಕಣ್ಣಲ್ಲಿ ನೀರು ಬಂತು. ಹಲ್ಲು ಕೀಳಿಸುವಾಗ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರೂ ನನಗೆ ಎಲ್ಲ ಗೊತ್ತಾಗುತ್ತಿತ್ತು. ಹೇಳಿದರೆ ಹೆದರಿಕೆ ಅಂದುಕೊಂಡರು. ಈ ತೊಂದರೆ ಇರುವ ಹಲವರಿಗೆ ಹಾಗೆ ಆಗುತ್ತದೆ ಅಂತ ಮೊದಲ ಸಲ ಕೇಳಿದ್ದು ಅಲ್ಲೇ.

ಆಮೇಲೆ ಒಂದು ಕಾಗದದಲ್ಲಿ ನಮ್ಮ ಮನೆತನವನ್ನು ಬರೆದರು. ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ. ಅಜ್ಜಿ, ಅಮ್ಮ, ಚಿಕ್ಕಮ್ಮ, ಮಾವ, ನಾನು, ಮಗಳು. ಯಾರಿಗೆ ಏನು ಅಂತ ನಾನು ಹೇಳುತ್ತಾ ಹೋದ ಹಾಗೆ ಒಂದೊಂದನ್ನೇ ಪೆನ್ನಿನಲ್ಲಿ ತುಂಬಿದರು. "ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ತಟ್ಟನೆ ತೀರಿಹೋಗಿದ್ದಾರಾ?" ಅಂತ ಎರಡು ಸಲ ಕೇಳಿದರು. ಇಲ್ಲ ಅಂದೆ. ಆದರೂ ಹೃದಯದ ಎಕೋ ಮತ್ತು ಕಣ್ಣಿನ ಪರೀಕ್ಷೆಗೆ ಬರೆದುಕೊಟ್ಟರು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ನಮ್ಮ ಚರ್ಮ, ಕೀಲುಗಳನ್ನು ಕಟ್ಟಿಹಿಡಿಯುವ ಲಿಗಮೆಂಟು, ರಕ್ತನಾಳದ ಗೋಡೆ, ಕರುಳಿನ ಗೋಡೆ ಇವೆಲ್ಲವನ್ನೂ ಹಿಡಿದಿಡುವ ವಸ್ತುವಿಗೆ ಸಂಯೋಜಕ ಅಂಗಾಂಶ ಅಂತ ಹೆಸರು. ಅದರಲ್ಲಿ ಮುಖ್ಯವಾದ ಪ್ರೋಟೀನು ಕೊಲಾಜೆನ್. ಮೂರು ಎಳೆಗಳು ಒಂದಕ್ಕೊಂದು ಹೊಸೆದುಕೊಂಡು ಅದು ತಯಾರಾಗುತ್ತದೆ, ನಮ್ಮಲ್ಲಿ ತೆಂಗಿನ ನಾರಿನ ಹುರಿ ಹೊಸೆಯುವ ಹಾಗೆ. ಜೀನಿನಲ್ಲಿ ತಪ್ಪಿದ್ದರೆ ಎಳೆ ಸರಿಯಾಗಿ ಬರುವುದಿಲ್ಲ, ಅಥವಾ ಹೊಸೆಯುವ ಕೆಲಸ ಕೆಡುತ್ತದೆ. ಆಗ ಎಳೆದಷ್ಟೂ ಹಿಗ್ಗುತ್ತದೆ. ಕೊಲಾಜೆನ್ ಎಲ್ಲ ಕಡೆ ಇರುವುದರಿಂದ ತೊಂದರೆ ಕೀಲಿಗೆ ಮಾತ್ರ ನಿಲ್ಲುವುದಿಲ್ಲ. ಹೊಟ್ಟೆ ಉಬ್ಬರ, ಎದ್ದು ನಿಂತರೆ ಕಣ್ಣು ಕತ್ತಲೆ, ಬೇಗ ವಾಸಿಯಾಗದ ಗಾಯ, ಎಷ್ಟು ಮಲಗಿದರೂ ಹೋಗದ ಸುಸ್ತು. ಇವನ್ನೆಲ್ಲ ನಾನು ಬೇರೆ ಬೇರೆ ಡಾಕ್ಟರಿಗೆ ಬೇರೆ ಬೇರೆ ದಿನ ಹೇಳುತ್ತಿದ್ದೆ.

ಈ ಗುಂಪಿನ ಕಾಯಿಲೆಗಳಿಗೆ ಎಹ್ಲರ್ಸ್-ಡಾನ್ಲೋಸ್ ಅಂತ ಹೆಸರು. ಡೆನ್ಮಾರ್ಕಿನ ಎಡ್ವರ್ಡ್ ಎಹ್ಲರ್ಸ್, ಫ್ರಾನ್ಸಿನ ಆನ್ರಿ ಡಾನ್ಲೋಸ್ ಇಬ್ಬರೂ ಚರ್ಮದ ವೈದ್ಯರು. 20ನೇ ಶತಮಾನದ ಶುರುವಿನಲ್ಲಿ ಇದನ್ನು ಬರೆದಿಟ್ಟವರು. 2017ರಲ್ಲಿ ಜಗತ್ತಿನ ತಜ್ಞರು ಸೇರಿ ಇದನ್ನು 13 ಬಗೆಯಾಗಿ ವಿಂಗಡಿಸಿದರು. 12 ಬಗೆಗಳಿಗೆ ಕಾರಣವಾದ ಜೀನ್ ಗೊತ್ತುಂಟು. ಎಲ್ಲಕ್ಕಿಂತ ಹೆಚ್ಚು ಜನರಲ್ಲಿ ಕಾಣುವ ಬಗೆಗೆ ಮಾತ್ರ ಜೀನ್ ಇನ್ನೂ ಸಿಕ್ಕಿಲ್ಲ. ಅದೇ ಹೈಪರ್‌ಮೊಬೈಲ್, ಅಂದರೆ ಕೀಲು ಅತಿಯಾಗಿ ಬಾಗುವ ಬಗೆ. ನನ್ನದು ಅದು. ಹಾಗಾಗಿ ರಕ್ತ ಪರೀಕ್ಷೆಯಲ್ಲಿ ಇದು ತಿಳಿಯುವುದಿಲ್ಲ. ಮೈ ನೋಡಿ, ಕಥೆ ಕೇಳಿ, ಬೇರೆ ಕಾಯಿಲೆಗಳನ್ನು ಒಂದೊಂದಾಗಿ ಬದಿಗೆ ಸರಿಸಿ ತೀರ್ಮಾನಿಸಬೇಕು. ಈ ಬಗೆಗೆ ಇರಬೇಕಾದ ಲಕ್ಷಣಗಳ ಪಟ್ಟಿಗೆ ಪೂರ್ತಿ ಹೊಂದದೆ, ಆದರೂ ಸಡಿಲ ಕೀಲಿನಿಂದ ನೋಯುವವರಿಗೆ ಹೈಪರ್‌ಮೊಬಿಲಿಟಿ ಸ್ಪೆಕ್ಟ್ರಮ್ ಅಂತ ಬರೆಯುತ್ತಾರೆ. ಆರೈಕೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಳುಕುವ ಮೈ ಇದ್ದವರೆಲ್ಲ ಕಾಯಿಲೆಯವರಲ್ಲ. ಎಷ್ಟೋ ಜನರ ಹೆಬ್ಬೆರಳು ಮುಂಗೈಗೆ ತಾಗುತ್ತದೆ, ಜೀವನಪೂರ್ತಿ ಏನೂ ಆಗುವುದಿಲ್ಲ. ನಮ್ಮ ಅಮ್ಮನನ್ನೇ ನೋಡಿ. ಬಳುಕುವುದರ ಜೊತೆಗೆ ನೋವು, ಜಾರುವುದು, ಸುಸ್ತು, ಮನೆತನದಲ್ಲಿ ಇನ್ನೂ ಕೆಲವರಿಗೆ ಅದೇ ಕಥೆ, ಇವು ಸೇರಿದರೆ ಡಾಕ್ಟರಿಗೆ ತೋರಿಸಬೇಕು.

ಈಗ ಎಕೋ ವಿಷಯಕ್ಕೆ ಬರುತ್ತೇನೆ. ಕೀಲು ಸಡಿಲ ಇರುವವರಲ್ಲಿ ಕೆಲವರಿಗೆ ಇರುವುದು ಮಾರ್ಫಾನ್ ಕಾಯಿಲೆ. ಪ್ಯಾರಿಸಿನ ಮಕ್ಕಳ ವೈದ್ಯ ಆಂಟ್ವಾನ್ ಮಾರ್ಫಾನ್ 1896ರಲ್ಲಿ, ಉದ್ದುದ್ದ ಬೆರಳುಗಳಿದ್ದ ಒಬ್ಬ ಪುಟ್ಟ ಹುಡುಗಿಯ ಬಗ್ಗೆ ಬರೆದರು. ಕಾರಣವಾದ ಜೀನ್ ಸಿಕ್ಕಿದ್ದು 1991ರಲ್ಲಿ. ಅದು ಫೈಬ್ರಿಲಿನ್ ಎಂಬ ಇನ್ನೊಂದು ಪ್ರೋಟೀನಿನದು. ಇವರು ಸಾಮಾನ್ಯವಾಗಿ ಎತ್ತರ, ತೆಳು. ಚಾಚಿದ ಕೈಗಳ ಅಳತೆ ಎತ್ತರವನ್ನು ಮೀರುತ್ತದೆ. ಕಣ್ಣಿನ ಮಸೂರ ಜಾರಬಹುದು. ಎಲ್ಲಕ್ಕಿಂತ ಭಯದ್ದು, ಹೃದಯದಿಂದ ಹೊರಡುವ ಮಹಾಪಧಮನಿಯ ಬುಡ ಮೆಲ್ಲ ಮೆಲ್ಲ ಹಿಗ್ಗುವುದು. ಹೊರಗೆ ಏನೂ ಗೊತ್ತಾಗುವುದಿಲ್ಲ. ಎಕೋದಲ್ಲಿ ಗೊತ್ತಾಗುತ್ತದೆ. ಗೊತ್ತಾದರೆ ಮಾತ್ರೆ ಕೊಟ್ಟು ನಿಧಾನಿಸಬಹುದು, ಬೇಕಾದರೆ ಸಮಯಕ್ಕೆ ಸರಿಯಾಗಿ ಶಸ್ತ್ರಚಿಕಿತ್ಸೆ ಮಾಡಬಹುದು.

ಫ್ಲೋ ಹೈಮನ್ ಎಂಬ ಅಮೆರಿಕದ ವಾಲಿಬಾಲ್ ಆಟಗಾರ್ತಿ ಇದ್ದರು. 1984ರ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ತಂಡದವರು. ಆರಡಿ ದಾಟಿದ ಎತ್ತರ. 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಬೆಂಚಿನಲ್ಲಿ ಕೂತಿದ್ದವರು ಕುಸಿದು ತೀರಿಹೋದರು. ವಯಸ್ಸು 31. ಮಹಾಪಧಮನಿ ಹರಿದಿತ್ತು. ಮಾರ್ಫಾನ್ ಇದ್ದದ್ದು ಬದುಕಿರುವಾಗ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಅವರ ತಮ್ಮನನ್ನು ಪರೀಕ್ಷಿಸಿದಾಗ ಅವನಿಗೂ ಅದೇ ಕಾಣಿಸಿತು, ಶಸ್ತ್ರಚಿಕಿತ್ಸೆ ಮಾಡಿದರು. ಈ ಕಥೆ ಓದಿದ ಮೇಲೆ ನಮ್ಮೂರಿನ ಗದ್ದೆಗಳಲ್ಲಿ ರಾತ್ರಿ ಲೈಟು ಹಾಕಿ ನಡೆಯುವ ವಾಲಿಬಾಲ್ ಪಂದ್ಯ ನೋಡುವಾಗ ನನ್ನ ಕಣ್ಣು ಎತ್ತರದ, ಸಪೂರ ಹುಡುಗರ ಬೆರಳುಗಳ ಮೇಲೆಯೇ ಹೋಗುತ್ತದೆ. ಎಕೋ ಪರೀಕ್ಷೆಗೆ ಸೂಜಿ ಬೇಡ, ಉಪವಾಸ ಬೇಡ. ಎಡಮಗ್ಗುಲಿಗೆ ಮಲಗಿ ಸ್ವಲ್ಪ ಹೊತ್ತು ಇದ್ದರೆ ಮುಗಿಯಿತು. ನನ್ನದು ಸರಿಯಾಗಿತ್ತು.

ಎಹ್ಲರ್ಸ್-ಡಾನ್ಲೋಸಿನಲ್ಲಿಯೂ ರಕ್ತನಾಳಗಳಿಗೆ ಬರುವ ಒಂದು ಬಗೆ ಉಂಟು. ಅಪರೂಪ, ಆದರೆ ಎಲ್ಲದರಲ್ಲಿ ಅಪಾಯದ್ದು ಅದೇ. ಅವರ ದೊಡ್ಡ ಕೀಲುಗಳು ಹೆಚ್ಚಾಗಿ ಅಷ್ಟು ಬಳುಕುವುದೇ ಇಲ್ಲ. ಚರ್ಮ ತೆಳುವಾಗಿ ಒಳಗಿನ ರಕ್ತನಾಳಗಳು ಕಾಣುತ್ತವೆ, ಮೈ ಬೇಗ ನೀಲಿಗಟ್ಟುತ್ತದೆ. ಮನೆತನದಲ್ಲಿ ಯಾರಾದರೂ ಸಣ್ಣ ಪ್ರಾಯದಲ್ಲಿ ರಕ್ತನಾಳವೋ ಕರುಳೋ ಒಡೆದು ಹೋಗಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಇನ್ನೊಂದು ವಿಷಯ, ಸಿಪ್ರೊಫ್ಲಾಕ್ಸಸಿನ್ ಜಾತಿಯ ಆಂಟಿಬಯಾಟಿಕ್. ಮಾರ್ಫಾನ್, ಎಹ್ಲರ್ಸ್-ಡಾನ್ಲೋಸ್ ಇರುವವರಿಗೆ ಬೇರೆ ದಾರಿ ಇದ್ದರೆ ಇದನ್ನು ಕೊಡಬಾರದು, ಮಹಾಪಧಮನಿಗೆ ಅಪಾಯ ಅಂತ ಅಮೆರಿಕದ ಔಷಧ ಇಲಾಖೆ 2018ರಲ್ಲಿ ಎಚ್ಚರಿಸಿದೆ. ನಮ್ಮಲ್ಲಿ ಹೊಟ್ಟೆ ಕೆಟ್ಟರೆ ಮೆಡಿಕಲಿಗೆ ಹೋಗಿ ಅದನ್ನೇ ಕೇಳಿ ತರುತ್ತಾರೆ, ಅಲ್ವಾ?

ನನ್ನ ವಿಷಯ ಗೊತ್ತಾದಾಗ ಊರಿನಲ್ಲಿ ಹಲವರು ಕೇಳಿದ್ದು ಒಂದೇ ಪ್ರಶ್ನೆ. "ಎಂಡೋಸಲ್ಫಾನಿನದ್ದಾ?" ಕೇಳುವುದು ಸಹಜ. ಎಣ್ಮಕಜೆ, ಪಡ್ರೆ ನಮಗೆ ದೂರವಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ವಿಷ ಸುರಿದದ್ದು, 2000ದ ಹೊತ್ತಿಗೆ ಅದು ನಿಂತದ್ದು, ಆ ಮನೆಗಳ ಮಕ್ಕಳು ಹೇಗಿದ್ದಾರೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಅಜ್ಜಿಯ ಭುಜ ಜಾರಲು ಶುರುವಾದದ್ದು ಆ ಹೆಲಿಕಾಪ್ಟರುಗಳು ಬರುವ ಎಷ್ಟೋ ಮೊದಲು. ನಮ್ಮದು ವಂಶದಲ್ಲಿ ಬಂದದ್ದು. ಆ ತಾಯಂದಿರ ನೋವಿನ ಲೆಕ್ಕಕ್ಕೆ ನಮ್ಮದನ್ನು ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೆ ಸಿಗಬೇಕಾದದ್ದು ಇನ್ನೂ ಪೂರ್ತಿ ಸಿಕ್ಕಿಲ್ಲ.

ಔಷಧಿ ಎಂತ ಕೊಟ್ಟರು ಅಂತ ಕೇಳುತ್ತೀರಿ. ಗುಣ ಮಾಡುವ ಔಷಧಿ ಇಲ್ಲ. ಲಿಗಮೆಂಟು ಹಿಡಿದಿಡದ ಕೆಲಸವನ್ನು ಸ್ನಾಯುಗಳಿಂದ ಮಾಡಿಸಬೇಕು. ಅದಕ್ಕೆ ಫಿಸಿಯೋಥೆರಪಿ. ನನಗೆ ಹೇಳಿಕೊಟ್ಟವರು ಮೊದಲ ದಿನವೇ ಎಳೆಯುವ, ಹಿಗ್ಗಿಸುವ ವ್ಯಾಯಾಮ ಎಲ್ಲ ನಿಲ್ಲಿಸಿದರು. ಗೋಡೆಗೆ ಅಂಗೈ ಒತ್ತಿ ನಿಲ್ಲುವುದು, ರಬ್ಬರ್ ಪಟ್ಟಿಯನ್ನು ಸ್ವಲ್ಪವೇ ಎಳೆದು ಹಿಡಿಯುವುದು, ಮೊಣಕಾಲನ್ನು ಪೂರ್ತಿ ಹಿಂದಕ್ಕೆ ತಳ್ಳದೆ ನಿಲ್ಲುವುದು, ಇಷ್ಟೇ. ನೋಡುವವರಿಗೆ ಇದೆಂತ ವ್ಯಾಯಾಮ ಅನಿಸಬಹುದು. ಮಾಡುವವರಿಗೆ ಬೆವರು ಇಳಿಯುತ್ತದೆ. ಕಣ್ಣು ಮುಚ್ಚಿದರೆ ನನ್ನ ಮೊಣಕೈ ಎಲ್ಲಿ ನಿಂತಿದೆ ಅಂತ ನನಗೇ ಸರಿಯಾಗಿ ತಿಳಿಯುವುದಿಲ್ಲ. ಆ ಅರಿವನ್ನೂ ಹೊಸದಾಗಿ ಕಲಿಸಬೇಕಾಯಿತು. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗುವುದು ನಿಂತೇ ಹೋಯಿತು. ಆಗ ಅವರು ಮೊಬೈಲಿನಲ್ಲಿ ವಿಡಿಯೋ ನೋಡಿ ತಿದ್ದುತ್ತಿದ್ದರು. ಆ ಉಪಕಾರ ಮರೆಯಲಾರೆ.

ಮನೆಯಲ್ಲಿ ಕೆಲವು ಬದಲಾವಣೆ ಮಾಡಿದ್ದೇವೆ. ಕಾಯಿ ಹೆರೆಯುವುದು ಈಗ ಗಂಡನ ಕೆಲಸ. ಅಡಿಕೆ ಸುಲಿಯಲು ನಾನು ಕೂರುವುದಿಲ್ಲ, ಹೆಬ್ಬೆರಳಿಗೆ ಆಗುವುದೇ ಇಲ್ಲ. ಅಡಿಕೆ ಆರಿಸಿ ವಿಂಗಡಿಸುವುದು ನನ್ನದು. ಬ್ಯಾಂಕಿನಲ್ಲಿ ಪೆನ್ನಿಗೆ ದಪ್ಪ ರಬ್ಬರ್ ಸುತ್ತಿದ್ದೇನೆ. ಬಸ್ಸಿನಲ್ಲಿ ಮೇಲಿನ ಸರಳು ಬಿಟ್ಟು ಸೀಟಿನ ಕಂಬ ಹಿಡಿಯುತ್ತೇನೆ. ಮಧೂರಿನ ದೇವಸ್ಥಾನದಲ್ಲಿ ಸಾಲಿನಲ್ಲಿ ನಿಂತು ಕಣ್ಣು ಕತ್ತಲೆ ಬರುತ್ತಿತ್ತು. ನಿಂತಾಗ ಹೃದಯದ ಬಡಿತ ವಿಪರೀತ ಏರುತ್ತದೆ ಅಂತ ಅಳೆದು ನೋಡಿ ಹೇಳಿದರು. ನೀರು ಮತ್ತು ಉಪ್ಪು ಜಾಸ್ತಿ ತೆಗೆದುಕೊಳ್ಳಲು ಹೇಳಿದರು. ಹೊರಡುವ ಮೊದಲು ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ದೊಡ್ಡ ಲೋಟ ಕುಡಿಯುತ್ತೇನೆ. ಇದು ನನಗೆ ಹೇಳಿದ್ದು. ಬಿಪಿ ಇರುವವರು ಹೀಗೆ ಮಾಡಬಾರದು, ಡಾಕ್ಟರನ್ನು ಕೇಳದೆ ಯಾರೂ ಮಾಡಬೇಡಿ.

ಮುರಿವೆಣ್ಣೆ ಹಚ್ಚುವುದನ್ನು ನಾನು ಬಿಟ್ಟಿಲ್ಲ. ಹಿತ ಆಗುತ್ತದೆ. ಆದರೆ ಉಳುಕು ತೆಗೆಯುತ್ತೇವೆ ಅಂತ ಕೀಲನ್ನು ಹಿಡಿದು ಎಳೆದು ತಿರುಚುವವರ ಹತ್ತಿರ ನಮ್ಮಂಥವರು ಹೋಗಲೇಬಾರದು. ಮೊದಲೇ ಸಡಿಲವಾದದ್ದನ್ನು ಇನ್ನೂ ಎಳೆದರೆ ಎಂತ ಉಳಿಯುತ್ತದೆ?

ಮಗಳ ವಿಷಯ ಬರೆಯುವಾಗ ಕೈ ತಡೆಯುತ್ತದೆ. ಹೈಪರ್‌ಮೊಬೈಲ್ ಬಗೆ ಇರುವ ತಾಯಿಯ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಅಂತ ಡಾಕ್ಟ್ರು ಹೇಳಿದ್ದಾರೆ. ಬಂದರೂ ಎಷ್ಟು ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಅಮ್ಮನಿಗೂ ನನಗೂ ಇರುವ ವ್ಯತ್ಯಾಸವೇ ಅದಕ್ಕೆ ಸಾಕ್ಷಿ. ಅವಳು ಈಗ ನಾಲ್ಕನೇ ಕ್ಲಾಸು. ಜೂನ್ 21ರ ಯೋಗ ದಿನಕ್ಕೆ ಅವಳನ್ನು ಮುಂದೆ ನಿಲ್ಲಿಸಿ ಕಷ್ಟದ ಆಸನ ಮಾಡಿಸಬೇಕು ಅಂತ ಶಾಲೆಯವರು ಅಂದುಕೊಂಡಿದ್ದರು. ನಾನು ಹೋಗಿ ಟೀಚರ ಹತ್ತಿರ ಕೂತು ಎಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು. ತಾಡಾಸನ, ವೃಕ್ಷಾಸನ ಮಾಡಲಿ, ಕಾಲು ಕತ್ತಿನ ಹಿಂದೆ ಹಾಕುವುದು ಬೇಡ ಅಂತ ತೀರ್ಮಾನ ಆಯಿತು. "ಬೇರೆ ಮಕ್ಕಳನ್ನೂ ಕೇಳ್ತೇನೆ, ರಾತ್ರಿ ನೋವಾಗ್ತದಾ ಅಂತ" ಅಂದರು. ಮಗಳಿಗೆ ಬೇಸರವಾಯಿತು. ಮುಂದಿನ ಸಾಲು ಅವಳಿಗೂ ಇಷ್ಟ. ಅವಳನ್ನು ಈಜಲು ಕಳಿಸುತ್ತಿದ್ದೇನೆ, ಸ್ನಾಯು ಗಟ್ಟಿಯಾಗಲಿ ಅಂತ. ಅಲ್ಲಿಯೂ ಅವಳೇ ಮುಂದೆ.

ಕಳೆದ ವರ್ಷ ಚಿಕ್ಕಮ್ಮನನ್ನೂ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅರುವತ್ತು ದಾಟಿದ್ದಾರೆ. ಮಲಯಾಳದಲ್ಲಿ ನೋವು ಹೇಳಲು ಬಾರದು ಅಂತ ಇಷ್ಟು ವರ್ಷ ಎಲ್ಲಿಗೂ ಹೋಗಿರಲಿಲ್ಲ. ಮದುವೆಯಾದ ಮನೆಯಲ್ಲಿ ಅವರಿಗೆ ಸೋಮಾರಿ ಎಂಬ ಹೆಸರು ಬಂದಿತ್ತು, ನೆಲದಲ್ಲಿ ಕೂತರೆ ಏಳಲು ಆಗುತ್ತಿರಲಿಲ್ಲ ಅಂತ. ಡಾಕ್ಟ್ರು ಕನ್ನಡದಲ್ಲಿ ಒಂದೊಂದೇ ಕೇಳಿದರು. ಚಿಕ್ಕಮ್ಮ ಮೊಣಕಾಲಿನಿಂದ ಶುರು ಮಾಡಿ ಹೆರಿಗೆ, ಹಲ್ಲು, ಹೊಟ್ಟೆ, ಹಂಡೆ ಎತ್ತುವಾಗ ಜಾರಿದ ಮಣಿಕಟ್ಟು ಎಲ್ಲ ಹೇಳಿದರು. ಹೊರಗೆ ಬಂದವರೇ "ಮನೆಗೆ ಹೋಗಿ ಭಾವನವರಿಗೆ ಈ ಚೀಟಿ ತೋರಿಸ್ಬೇಕು" ಅಂದರು. ತೋರಿಸಿದ್ದಾರೆ ಕೂಡಾ. ಈಗ ಜಗಲಿಯ ಕಂಬಕ್ಕೆ ರಬ್ಬರ್ ಪಟ್ಟಿ ಕಟ್ಟಿ ದಿನಾ ಬೆಳಿಗ್ಗೆ ವ್ಯಾಯಾಮ ಮಾಡುತ್ತಾರೆ. ನಾನು ಮಾಡಿದೆನಾ ಅಂತ ಫೋನ್ ಮಾಡಿ ವಿಚಾರಿಸುತ್ತಾರೆ. ಇಲ್ಲ ಅಂದರೆ ಬೈಗುಳ ತಪ್ಪುವುದಿಲ್ಲ.